ನನ್ನ ಪಾಲಿನ ಹತ್ತು ಕುರಿ

ತಿಮಹ್ದಿತ್, ಅಟ್ಲಾಸ್ ಬೆಟ್ಟ
೨೪ ಜೂನ್ ೨೦೧೮

ತಂಗಿ ಇಝ್ಝಾಗೆ ಅಣ್ಣ ಮೀಮೂನ್ ಬರೆಯುವುದು.

ನಾನು ಫೋನ್ ಎತ್ತುತ್ತಿಲ್ಲ ಎಂದು ನನ್ನ ಮಗಳು ತೂದಾಳ ಹತ್ತಿರ ದೂರಿದೆಯಂತೆ. ಹೌದು, ಎತ್ತುವುದಿಲ್ಲ. ಅಪ್ಪ ತೀರಿಕೊಂಡ ನಲವತ್ತನೇ ದಿನ ಊರಿನವರ ಮುಂದೆ ನಾವಿಬ್ಬರೂ ಕಿರುಚಾಡಿದ್ದು ಸಾಕು. ಕಾಗದದಲ್ಲಾದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು. ನಮ್ಮ ಮನೆಯವರಿಗೆ ಇದೊಂದೇ ದಾರಿ.

ವಿಷಯಕ್ಕೆ ಬರುತ್ತೇನೆ. ಅಪ್ಪ ಬಿಟ್ಟುಹೋದದ್ದು ಮೂವತ್ತು ಕುರಿ. ಮಸೀದಿಯ ಗುರುಗಳು ಹೇಳಿದ ಹಾಗೆ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಹತ್ತು ಹತ್ತರಂತೆ ಮೂರು ಗುಂಪು ಮಾಡಿದೆ. ನಿನ್ನ ಪರವಾಗಿ ಫಾದ್ಮಾ ಅತ್ತೆ ಒಂದು ಬಾರ್ಲಿ ತೆನೆ, ನನ್ನ ಪರವಾಗಿ ನಾನು ಎರಡು ಕುರಿಹಿಕ್ಕೆ ಅಂಗಿಯ ಟೊಪ್ಪಿಗೆಯೊಳಗೆ ಹಾಕಿದೆವು. ಚೀಟಿ ಎತ್ತಿದ ಹಾಗೆ, ಊರಿನ ಕುರುಡ ಬರಕ ಒಂದೊಂದಾಗಿ ತೆಗೆದು ಒಂದೊಂದು ಗುಂಪಿನ ಮುಂದೆ ಇಟ್ಟ. ನಿನ್ನ ತೆನೆ ಬಿದ್ದದ್ದು ಎಳೇ ಟಗರುಗಳ ಮುಂದೆ. ಹತ್ತೂ ಕೊಬ್ಬಿ ಕೂತಿವೆ. ನನಗೆ ಬಂದದ್ದು ಇಪ್ಪತ್ತು ಹೆಣ್ಣು ಕುರಿ. ಗುರುತಿಗೆ ಇರಲಿ ಎಂದು ನಿನ್ನವುಗಳ ಬೆನ್ನಿಗೆ ನೀಲಿ ಬಳಿದಿದ್ದೇನೆ.

ಇದೆಲ್ಲ ಶಾಸ್ತ್ರಕ್ಕೆ ಅಷ್ಟೆ. ನಮ್ಮಲ್ಲಿ ಯಾವ ಹೆಣ್ಣುಮಗಳು ಅಣ್ಣನ ಹಿಂಡಿನಿಂದ ಪಾಲು ಎಳೆದುಕೊಂಡು ಹೋಗಿದ್ದಾಳೆ? ಅತ್ತೆಯೂ ಅಪ್ಪನಿಗೆ ಬಿಟ್ಟುಕೊಟ್ಟಳು. ಪಾಲು ಬಿಟ್ಟುಕೊಟ್ಟೆ ಎಂದು ಜೊತೆಗಿರುವ ಕಾಗದಕ್ಕೆ ಸಹಿ ಮಾಡಿ ಕಳಿಸು. ತೂದಾಳ ಮದುವೆ ಸೆಪ್ಟೆಂಬರ್ ಎಂಟಕ್ಕೆ ನಿಂತಿದೆ. ಗಂಡಿನ ಕಡೆಯವರೇ ಇನ್ನೂರು ಜನ ಬರುತ್ತಾರೆ. ಆ ಹತ್ತು ಟಗರು ಮದುವೆಯ ಊಟಕ್ಕೆ ಸರಿಹೋಗುತ್ತವೆ.

ನೀನೂ ಬಾ. ನೀನು ಬಂದರೆ ಹುಲ್ಲು ಕಡಿಮೆ ಬಿದ್ದೀತು ಎಂದು ಕುರಿಗಳು ಹೆದರಿವೆ, ನಾನು ಸಮಾಧಾನ ಹೇಳಿದ್ದೇನೆ.

ಮೀಮೂನ್


ಟ್ಯಾಂಜಿಯರ್
೨ ಜುಲೈ ೨೦೧೮

ಅಣ್ಣಾ,

ಸಹಿ ಮಾಡುವುದಿಲ್ಲ. ಕಾಗದವನ್ನು ಹಾಗೇ ವಾಪಸ್ ಇಟ್ಟಿದ್ದೇನೆ.

ನನ್ನ ಹತ್ತು ಕುರಿ ನನಗೆ ಬೇಕು. ಬದುಕಿರುವ ಹತ್ತು ಕುರಿ. ಅವನ್ನು ಮದುವೆಗೂ ಕೊಯ್ಯಬಾರದು, ಬಕ್ರೀದಿಗೂ ಮಾರಬಾರದು. ಮುದಿಯಾಗಿ, ಹಲ್ಲು ಉದುರಿ, ತಾವಾಗಿ ಸಾಯಲಿ. ನಾನು ವ್ಯವಸ್ಥೆ ಮಾಡುವವರೆಗೆ ನಿನ್ನ ಹಿಂಡಿನಲ್ಲಿ ಮೇಯಲಿ, ಮೇವಿನ ಖರ್ಚು ನನ್ನದು.

ನೀನು ನಗುತ್ತಿರುತ್ತೀಯ, ನನಗೆ ಗೊತ್ತು. ನಕ್ಕು ಮುಗಿಸಿ ಓದು. ಮೂರು ವರ್ಷದಿಂದ ನಾನು ಮಾಂಸ, ಹಾಲು, ಮೊಟ್ಟೆ, ಜೇನು ಯಾವುದನ್ನೂ ಮುಟ್ಟಿಲ್ಲ. ನೀವೆಲ್ಲ ಇದನ್ನು ಹೊಟ್ಟೆಯ ಕಾಯಿಲೆ ಅಂದುಕೊಂಡಿರಿ. ಅತ್ತೆ ಪ್ರತಿ ಸಲವೂ ಬೆಣ್ಣೆ ಬಚ್ಚಿಟ್ಟು ರೊಟ್ಟಿ ಕೊಡುತ್ತಾಳೆ, 'ಸ್ವಲ್ಪಾನೇ ಹಾಕಿದೀನಿ ಕಣೇ, ಗೊತ್ತೇ ಆಗಲ್ಲ' ಅಂತ. ಅವಳ ಮೇಲೆ ಸಿಟ್ಟಿಲ್ಲ. ಆದರೆ ಇದು ಕಾಯಿಲೆ ಅಲ್ಲ. ನಾನು ಯೋಚಿಸಿ ಮಾಡಿದ್ದು. ನನ್ನ ನಾಲಿಗೆಗೆ ಅರ್ಧ ಗಳಿಗೆ ರುಚಿ ಕೊಡಲು ಇನ್ನೊಂದು ಜೀವ ಇಡೀ ಬದುಕು ಕೊಡಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ನಿನ್ನ ಇಪ್ಪತ್ತರ ಬಗ್ಗೆ ನಾನು ಮಾತಾಡುತ್ತಿಲ್ಲ. ನನ್ನ ಹತ್ತು ನನ್ನ ತೀರ್ಮಾನ. ತೂದಾಗೆ ನನ್ನ ಬೆಳ್ಳಿ ಸರ ಕೊಡುತ್ತೇನೆ, ಮದುವೆಯಲ್ಲಿ ಕಾಲು ನೋಯುವವರೆಗೆ ಕುಣಿಯುತ್ತೇನೆ. ಕುರಿ ಮಾತ್ರ ಕೇಳಬೇಡ.

ಇಝ್ಝಾ


ತಿಮಹ್ದಿತ್
೯ ಜುಲೈ ೨೦೧೮

ಇಝ್ಝಾ,

ನಗಲಿಲ್ಲ. ಕಾಗದ ಓದಿ ಹೆಂಡತಿಗೆ ಕೊಟ್ಟೆ. ಅವಳು ಓದಿ 'ನಿಮ್ಮ ತಂಗಿಗೆ ಯಾರೋ ತಲೆ ತುಂಬಿದಾರೆ ಕಣ್ರೀ' ಅಂದಳು. ನನಗೂ ಹಾಗೇ ಅನಿಸಿತು. ಆಮೇಲೆ ಯೋಚಿಸಿದೆ. ತಲೆಯೂ ಅಲ್ಲ, ಹೊಟ್ಟೆಯೂ ಅಲ್ಲ, ನಿನಗೆ ಹಣ ಬೇಕಾಗಿದೆ. ಬಾಯಿಬಿಟ್ಟು ಕೇಳಲು ನಾಚಿಕೆ, ಅದಕ್ಕೆ ಈ ಕಥೆ. ಹಾಗಿದ್ದರೆ ನೇರವಾಗಿ ಹೇಳು. ಹಬ್ಬದ ಸಂತೆಯ ದರಕ್ಕೆ ಹತ್ತನ್ನೂ ನಾನೇ ಕೊಳ್ಳುತ್ತೇನೆ. ಅಣ್ಣ ತಂಗಿಯ ಮಧ್ಯೆ ಚೌಕಾಸಿ ಬೇಡ.

ಹಣ ಅಲ್ಲ ಅನ್ನುವುದಾದರೆ ಈಗ ನನ್ನ ಸರದಿ, ನೀನು ಬಾಯಿ ಮುಚ್ಚಿಕೊಂಡು ಓದು.

ನೀನು ಮೆಕ್ನೆಸ್‌ನಲ್ಲಿ ಓದಿದ ಮೂರು ವರ್ಷವೂ ಅಪ್ಪ ಪ್ರತಿ ಸೆಪ್ಟೆಂಬರ್‌ನಲ್ಲಿ ಆರು ಕುರಿ ಹೊಡೆದುಕೊಂಡು ಹೋಗಿ ಮಾರಿ ಬರುತ್ತಿದ್ದ. ಹದಿನೆಂಟು ಕುರಿ. ಅವುಗಳಲ್ಲಿ ಒಂದೂ ಮುದಿಯಾಗಿ ಹಲ್ಲು ಉದುರಿ ಸಾಯಲಿಲ್ಲ. ಅವು ಹೋಗಿದ್ದರಿಂದಲೇ ನೀನು ಪಶುವೈದ್ಯರ ಸಹಾಯಕಿ ಆದೆ, ಬಿಳಿ ಕೋಟು ಹಾಕಿಕೊಂಡೆ, ದೊಡ್ಡ ದೊಡ್ಡ ಮಾತು ಕಲಿತೆ. ಆಗ ಯಾಕೆ ನಿನಗೆ ಈ ಯೋಚನೆ ಬರಲಿಲ್ಲ?

ಇನ್ನೊಂದು. ಜೀವ ಯಾರ ಸ್ವತ್ತೂ ಅಲ್ಲ ಅನ್ನುವವಳು ನೀನು. ಮತ್ತೆ 'ನನ್ನ ಹತ್ತು, ನನ್ನ ಹತ್ತು' ಅಂತ ನನಗಿಂತ ಜೋರಾಗಿ ಬಡಿದುಕೊಳ್ಳುತ್ತೀಯಲ್ಲ, ಅದು ಹೇಗೆ?

ಮತ್ತೆ ಉಣ್ಣೆ. ವರ್ಷಕ್ಕೊಮ್ಮೆ ಕತ್ತರಿಸದಿದ್ದರೆ ಬೇಸಿಗೆಯಲ್ಲಿ ಬೆಂದು ಸಾಯುತ್ತವೆ. ಕತ್ತರಿಸಿದರೆ ಉಪಯೋಗಿಸಿಕೊಂಡ ಹಾಗೆ. ಏನು ಮಾಡುತ್ತೀಯ, ಬೀಸಣಿಗೆ ಹಿಡಿದು ಕೂರುತ್ತೀಯಾ? ಹತ್ತು ಟಗರನ್ನು ಸುಮ್ಮನೆ ಸಾಕುವುದು ಏನು ಅಂತ ನಿನಗೆ ಗೊತ್ತಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದಕ್ಕೊಂದು ಗುದ್ದಿಕೊಂಡು ತಲೆ ಒಡೆದುಕೊಳ್ಳುತ್ತವೆ. ನಮ್ಮ ಮನೆಯವರ ಹಾಗೇ.

ಮದುವೆ ಹತ್ತಿರ ಬರುತ್ತಿದೆ. ಗಂಡಿನ ಅಪ್ಪನಿಗೆ ಹತ್ತು ಟಗರು ಎಂದು ಹೇಳಿಬಿಟ್ಟಿದ್ದೇನೆ. ಇನ್ನೂರು ಜನರ ಮುಂದೆ ನನ್ನ ಮೂಗು ಕತ್ತರಿಸಬೇಡ.

ಮೀಮೂನ್


ಟ್ಯಾಂಜಿಯರ್
೧೬ ಜುಲೈ ೨೦೧೮

ಅಣ್ಣಾ,

ಹಣ ಬೇಡ. ಇನ್ನೊಮ್ಮೆ ಆ ಮಾತು ಬರೆದರೆ ಕಾಗದ ಹರಿದು ಹಾಕುತ್ತೇನೆ.

ಹದಿನೆಂಟು ಕುರಿಯ ವಿಷಯ ನನಗೆ ಹೊಸದಲ್ಲ. ನನ್ನ ಓದು ಅವುಗಳ ಮೇಲೆ ನಿಂತಿದೆ, ಇಲ್ಲ ಎನ್ನುವುದಿಲ್ಲ. ಆದರೆ ಅದರಿಂದ ನೀನು ತೆಗೆಯುವ ಅರ್ಥ ವಿಚಿತ್ರ. ಹದಿನೆಂಟು ಹೋದವು, ಆದ್ದರಿಂದ ಇನ್ನು ಹತ್ತೂ ಹೋಗಲಿ ಎಂದೇ? ಆಗ ನಾನು ಕೇಳಲಿಲ್ಲ, ಕೇಳಬೇಕು ಎಂದು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಈಗ ಕೇಳುತ್ತಿದ್ದೇನೆ.

ಆ ಬಿಳಿ ಕೋಟು ಹಾಕಿಕೊಂಡು ನಾನೇನು ಮಾಡುತ್ತಿದ್ದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಮಗಳು ಹಸುವಿಗೆ ಮದ್ದು ಹಾಕುತ್ತಾಳೆ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಆರು ವರ್ಷ ನನ್ನ ಕೆಲಸ ಕಸಾಯಿಖಾನೆಯಲ್ಲಿ. ಚರ್ಮ ಸುಲಿದು ನೇತುಹಾಕಿದ್ದರ ತೊಡೆಯ ಮೇಲೆ ನೇರಳೆ ಮುದ್ರೆ ಒತ್ತುವುದು. ತಿನ್ನಬಹುದು ಎಂಬ ಮುದ್ರೆ. ದಿನಕ್ಕೆ ಇನ್ನೂರು. ಬೆಳಿಗ್ಗೆ ಬಾಗಿಲಿಗೆ ಬರುವಾಗ ಕುರಿಗಳು ನಿಂತುಬಿಡುತ್ತವೆ. ಹಿಂದಿನದು ಮುಂದಿನದರ ಬೆನ್ನ ಮೇಲೆ ಕತ್ತು ಇಟ್ಟುಕೊಳ್ಳುತ್ತದೆ. ಯಾರೂ ಅವುಗಳಿಗೆ ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ, ಎಲ್ಲ ಕ್ರಮವಾಗಿಯೇ ನಡೆಯುತ್ತಿತ್ತು. ಕ್ರಮವಾಗಿ ನಡೆದದ್ದಕ್ಕೇ ನನಗೆ ತಡೆಯಲಾಗಲಿಲ್ಲ. ಕೆಟ್ಟವರು ಯಾರಾದರೂ ಇದ್ದಿದ್ದರೆ ಅವರನ್ನು ಬಯ್ದು ಮನೆಗೆ ಹೋಗಿ ಊಟ ಮಾಡುತ್ತಿದ್ದೆ.

'ನನ್ನ ಹತ್ತು' ಎಂದು ಯಾಕೆ ಬಡಿದುಕೊಳ್ಳುತ್ತೀಯ ಅಂದೆ. ಕುರಿಯ ಮಾತನ್ನು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ, ಕುರಿಯ ಒಡತಿಯ ಮಾತನ್ನು ಕೇಳುತ್ತಾರೆ. ಅದಕ್ಕೇ. ಉಣ್ಣೆ ಕತ್ತರಿಸುತ್ತೇನೆ, ಅವಕ್ಕೆ ಸೆಕೆ ಆಗದಿರಲಿ ಎಂದು. ಬೇಕಾದವರು ಒಯ್ಯಲಿ, ನಾನು ಮಾರುವುದಿಲ್ಲ. ತಲೆ ಒಡೆದುಕೊಂಡರೆ ಹೊಲಿಗೆ ಹಾಕಲು ನನಗೆ ಬರುತ್ತದೆ, ಹದಿನೆಂಟು ಕುರಿ ಮಾರಿ ಕಲಿಸಿದ್ದೀರಲ್ಲ.

ನನ್ನ ಕುರಿ ಕೊಯ್ಯುತ್ತೇನೆ ಎಂದು ಗಂಡಿನ ಅಪ್ಪನಿಗೆ ನೀನು ಹೇಗೆ ಮಾತು ಕೊಟ್ಟೆ? ಏಳು ತರಕಾರಿ ಹಾಕಿದ ಗೋಧಿ ನುಚ್ಚಿನ ಕುಸ್‌ಕುಸ್ ಮಾಡಿಸು. ಬಡಿಸಲು ನಾನು ಬರುತ್ತೇನೆ.

ಇಝ್ಝಾ


ಟ್ಯಾಂಜಿಯರ್
೨೯ ಜುಲೈ ೨೦೧೮

ಮೀಮೂನ್,

ಅಣ್ಣಾ ಎಂದು ಬರೆಯಲು ಕೈ ಬರುತ್ತಿಲ್ಲ, ಇವತ್ತು ಹೆಸರೇ ಇರಲಿ.

ಶುಕ್ರವಾರ ಮಧ್ಯಾಹ್ನ ಸೊಪ್ಪು ತೆಗೆದುಕೊಂಡು ಬಂದೆ. ಮೂರನೇ ಮಹಡಿಯಲ್ಲಿ ನನ್ನ ಬಾಗಿಲ ಮುಂದೆ ಟಗರು ಬಿದ್ದಿತ್ತು. ಕತ್ತು ಕೊಯ್ದು ನೀನು ಹೊಸ್ತಿಲಿಗೆ ಅಡ್ಡ ಮಲಗಿಸಿದ್ದೆ. ರಕ್ತ ಮೆಟ್ಟಿಲಿಳಿದು ಎರಡನೇ ಮಹಡಿಯವರೆಗೆ ಹೋಗಿತ್ತು. ನೀನು ಇರಲಿಲ್ಲ. ಹೊಸ್ತಿಲಲ್ಲಿ ರಕ್ತ ಚೆಲ್ಲಿ ಆಣೆ ಹಾಕಿದವನು ಮುಖ ತೋರಿಸದೆ ಹೋಗಬೇಕು ಎನ್ನುವ ಶಾಸ್ತ್ರ ನೆನಪಿಟ್ಟುಕೊಂಡಿದ್ದೀಯ.

ಎದುರುಮನೆಯ ಲಾಲ್ಲಾ ಝೋರ್ ಎಲ್ಲ ನೋಡಿದ್ದಾಳೆ. ಮಹಡಿಯ ಹೆಂಗಸರೆಲ್ಲ ಕೆನ್ನೆಗೆ ಕೈ ಹಚ್ಚಿ ನಿಂತಿದ್ದರು. ಮೊದಲು ಬಾಯಿಬಿಟ್ಟವಳು ಝೋರ್.

'ನೋಡವ್ವಾ, ಹೊಸ್ತಿಲ ಮೇಲೆ ರಕ್ತ ಬಿದ್ದಿದೆ. ಇನ್ನು ನೀನು ಆಗಲ್ಲ ಅನ್ನೋ ಹಾಗಿಲ್ಲ. ಅಂದ್ರೆ ನಿನಗೂ ಒಳ್ಳೇದಾಗಲ್ಲ, ಅವನಿಗೂ ಆಗಲ್ಲ. ನಿಮ್ಮಣ್ಣ ಏನು ಕೇಳಿದಾನೆ?'

'ಹತ್ತು ಕುರಿ ಕೊಯ್ಯೋಕೆ ಬಿಡು ಅಂತ.'

'ಅದನ್ನ ಕೇಳೋಕೆ ಇದೊಂದನ್ನ ಕೊಯ್ದನಾ?'

'ಹೂಂ.'

'ಅಯ್ಯೋ ದೇವರೇ. ಒಳ್ಳೇ ತಲೆ ಕಣಮ್ಮಾ ನಿಮ್ಮ ಮನೆಯೋರದ್ದು.'

ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನೀನು ಹೆದರಿಸಿದ್ದಕ್ಕಲ್ಲ. ನನ್ನಿಂದ ಏನಾದರೂ ಪಡೆಯಬೇಕಾದರೆ ನನ್ನ ಬಾಗಿಲ ಮುಂದೆ ಒಂದು ಪ್ರಾಣಿಯನ್ನು ಕೊಲ್ಲಬೇಕು ಎಂದು ನಿನಗೆ ತೋಚಿತಲ್ಲ, ಅದಕ್ಕೆ. ನಾಲ್ಕು ಕಾಗದ ಬರೆದುಕೊಂಡ ಮೇಲೂ ತೋಚಿತಲ್ಲ.

ಆಮೇಲೆ ಕಾವಲುಗಾರ ಅದನ್ನು ಬಡವರಿಗೆ ಕೊಡಲು ಎತ್ತಿದ. ಆಗ ಅದರ ಬೆನ್ನು ಕಂಡಿತು. ನೀಲಿ.

ನನ್ನ ಕುರಿಯನ್ನೇ ಕೊಯ್ದು ನನಗೆ ಆಣೆ ಹಾಕಿದೆಯಾ? ಇಪ್ಪತ್ತು ಇದ್ದವಲ್ಲ ನಿನ್ನವು, ಅದರಲ್ಲಿ ಒಂದು ನಿನಗೆ ಸಿಗಲಿಲ್ಲವಾ? ಇನ್ನೊಬ್ಬರ ಪ್ರಾಣಿಯಿಂದ ಹಾಕಿದ ಆಣೆ ಹಾಕಿದವನ ತಲೆಗೇ ಸುತ್ತಿಕೊಳ್ಳುತ್ತದೆ ಎಂದು ಅಪ್ಪನ ಬಾಯಲ್ಲಿ ನಾವಿಬ್ಬರೂ ಕೇಳಿದ್ದೇವೆ. ಅತ್ತೆಯನ್ನು ಕೇಳು, ಊರಿನ ಹಿರಿಯರನ್ನು ಕೇಳು. ಈ ಆಣೆ ನನಗೆ ತಾಗುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಆಮೇಲೆ ಶಾಸ್ತ್ರದ ಸಂದಿಯಲ್ಲಿ ನುಸುಳಿದಳು ಎನ್ನಬೇಡ. ಆ ಟಗರು ನಿನ್ನದೇ ಆಗಿದ್ದರೂ ನಾನು ಒಪ್ಪುತ್ತಿರಲಿಲ್ಲ. ನೂರು ತಂದು ಕೊಯ್ದಿದ್ದರೂ ಒಪ್ಪುತ್ತಿರಲಿಲ್ಲ. ನಮ್ಮ ಕುಲದಲ್ಲಿ ಯಾರೂ ಆಣೆಯನ್ನು ತಿರಸ್ಕರಿಸಿಲ್ಲವಂತೆ. ನಾನು ತಿರಸ್ಕರಿಸಿದ್ದೇನೆ. ಬರೆದಿಟ್ಟುಕೋ.

ಇನ್ನು ಒಂಬತ್ತಿವೆ.

ಇಝ್ಝಾ


ತಿಮಹ್ದಿತ್, ಮೇಲಿನ ಹುಲ್ಲುಗಾವಲು
೫ ಆಗಸ್ಟ್ ೨೦೧೮

ಇಝ್ಝಾ,

ಹೌದು, ನಿನ್ನದೇ. ನನ್ನ ಇಪ್ಪತ್ತೂ ಹೆಣ್ಣು ಕುರಿ, ಬಡಕಲು, ಗಬ್ಬವಾಗಿವೆ. ಅಂಥದ್ದನ್ನು ತಂಗಿಯ ಹೊಸ್ತಿಲಿಗೆ ತರಲಾ? ನಮ್ಮಲ್ಲಿ ಇದ್ದದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಟ್ಯಾಕ್ಸಿಯವನಿಗೆ ಎರಡರಷ್ಟು ಕೊಟ್ಟು, ಎಂಟು ಗಂಟೆ ತೊಡೆಯ ಮೇಲೆ ಅದರ ತಲೆ ಇಟ್ಟುಕೊಂಡು ಬಂದೆ. ಅವು ನಿನ್ನವು ಎಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಹುಟ್ಟಿದಾಗಿನಿಂದ ನಾನೇ ಮೇಯಿಸಿದ್ದು. ನೀಲಿ ಬಳಿದವನೂ ನಾನೇ, ಆದರೂ ಕಣ್ಣಿಗೆ ಬೀಳಲಿಲ್ಲ. ತಪ್ಪಾಯಿತು. ಇಷ್ಟು ಸಾಕಾ?

ಹಿರಿಯರನ್ನು ಕೇಳು ಅಂದೆಯಲ್ಲ, ಕೇಳಿದೆ. ಅವರು ಗಡ್ಡ ನೀವಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಮೋಹಾನ ಮಗ ಮೀಮೂನ್ ತನ್ನ ಆಣೆಯನ್ನು ತಾನೇ ತಲೆಗೆ ಸುತ್ತಿಕೊಂಡ ಎಂದು ಕೆಳಗಿನ ಸಂತೆವರೆಗೂ ಸುದ್ದಿಯಾಗಿದೆ. ಮಗಳ ಮದುವೆಯ ಮುಂದೆ ಇದೊಂದು ಕಳಂಕ. ನನ್ನ ಹೆಂಡತಿ ಮೂರು ದಿನದಿಂದ ಉಪ್ಪು ನಿವಾಳಿಸುತ್ತಿದ್ದಾಳೆ. ನಿನಗೆ ಇದೆಲ್ಲ ತಮಾಷೆ.

ಬಾಗಿಲಲ್ಲಿ ಕುರಿಗಳು ಕತ್ತು ಇಟ್ಟುಕೊಳ್ಳುತ್ತವೆ ಎಂದು ಬರೆದಿದ್ದೆಯಲ್ಲ. ಅವು ಹುಲ್ಲುಗಾವಲಲ್ಲಿಯೂ ಇಟ್ಟುಕೊಳ್ಳುತ್ತವೆ, ಬಿಸಿಲಿಗೆ. ನೀನು ಬರೀ ಸಾಯುವ ಕುರಿಗಳನ್ನು ನೋಡಿದವಳು. ಚಳಿಗಾಲದಲ್ಲಿ ಹಿಮ ಬಿದ್ದಾಗ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಕೂತವನು ನಾನು. ಕುರಿಯ ಮೇಲೆ ಪ್ರೀತಿ ಎಂದರೇನು ಎಂದು ಟ್ಯಾಂಜಿಯರಿನಿಂದ ನನಗೆ ಪಾಠ ಹೇಳಬೇಡ.

ಈಗ ನನ್ನ ತೀರ್ಮಾನ ಕೇಳು. ಬಕ್ರೀದ್ ಮುಗಿಯುವವರೆಗೆ ಕಾಯುತ್ತೇನೆ. ಅಷ್ಟರೊಳಗೆ ಬಂದು ನಿನ್ನ ಒಂಬತ್ತನ್ನು ಹೊಡೆದುಕೊಂಡು ಹೋಗು. ಮೂರನೇ ಮಹಡಿಯಲ್ಲಿ ಕಟ್ಟಿ ಹಾಕು, ಸೊಪ್ಪು ಹಂಚಿಕೊಂಡು ತಿನ್ನಿ. ಬರದಿದ್ದರೆ ಮದುವೆಗೆ ಕೊಯ್ಯುತ್ತೇನೆ. ಸಹಿ ಇಲ್ಲದಿದ್ದರೂ ಕೊಯ್ಯುತ್ತೇನೆ. ಬೇಕಾದರೆ ಕೋರ್ಟಿಗೆ ಹೋಗು.

ಮೀಮೂನ್


ಮೇಲಿನ ಹುಲ್ಲುಗಾವಲು, ನಿನ್ನ ಡೇರೆ
೧೪ ಆಗಸ್ಟ್ ೨೦೧೮, ಮಂಗಳವಾರ

ಅಣ್ಣಾ,

ಈ ಕಾಗದವನ್ನು ಚಹಾದ ತಟ್ಟೆಯ ಕೆಳಗೆ ಇಟ್ಟು ಹೋಗುತ್ತಿದ್ದೇನೆ. ನೀನು ಮದುವೆಯ ಸಕ್ಕರೆ ತರಲು ಅಝ್ರೂ ಸಂತೆಗೆ ಹೋಗಿರುತ್ತೀಯ ಎಂದು ಗೊತ್ತಿದ್ದೇ ಬಂದೆ. ನೀನು ಇದ್ದಿದ್ದರೆ ನನ್ನನ್ನು ಡೇರೆಯೊಳಗೆ ಬಿಡುತ್ತಿರಲಿಲ್ಲ.

ಒಳಗೆ ಬಂದೆ, ನಡುಗಂಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದೆ. ಫಾದ್ಮಾ ಅತ್ತೆ, ಅತ್ತಿಗೆ, ತೂದಾ, ಪಕ್ಕದ ಡೇರೆಯ ಇಬ್ಬರು ಹೆಂಗಸರು ಇದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: 'ಈ ಕಂಬ ಹಿಡಿದಿದೀನಿ. ಹೊರಗಿರೋ ಒಂಬತ್ತು ಟಗರು ಈ ಡೇರೆಯ ಮರೆ ಹೊಕ್ಕಿವೆ. ಈ ಡೇರೆ ಯಜಮಾನ ಅವುಗಳ ಜೀವ ಕಾಯಬೇಕು.'

ಅತ್ತೆಯ ಕೈಯಲ್ಲಿದ್ದ ಜರಡಿ ಕೆಳಗೆ ಬಿತ್ತು.

'ಇದೇನೇ ಮಾಡಿದೆ ಹೆಣ್ಣೇ? ಕೊಲೆ ಮಾಡಿ ಓಡಿ ಬಂದೋರು ಹಿಡಿಯೋ ಕಂಬ ಕಣೇ ಅದು.'

'ಕೊಲೆ ಮಾಡಿದೋರಿಗೇ ಮರೆ ಸಿಗೋದಾದ್ರೆ ಏನೂ ಮಾಡದೇ ಇರೋರಿಗೆ ಸಿಗಬಾರದಾ ಅತ್ತೆ?'

'ಕುರಿಗೆಲ್ಲಾ ಯಾರೂ ಹಿಡಿದಿಲ್ಲವೇ.'

'ನಾನು ಹಿಡಿದೆನಲ್ಲ.'

ಅತ್ತಿಗೆ ನನ್ನ ಬೆರಳು ಬಿಡಿಸಲು ನೋಡಿದಳು, ತೂದಾ ಅವಳ ಕೈ ಹಿಡಿದು ಎಳೆದಳು. ತೂದಾಳನ್ನು ಬಯ್ಯಬೇಡ. ಅವಳು ಮಾಡಿದ್ದು ಅಷ್ಟೇ.

ನಾನು ಒಂದು ತೊಟ್ಟು ರಕ್ತ ಚೆಲ್ಲದೆ ಆಣೆ ಹಾಕಿದ್ದೇನೆ. ಸಾಕ್ಷಿ ಇದ್ದಾರೆ. ನೀನು ಅವುಗಳನ್ನು ಮುಟ್ಟಿದರೆ ನಿನ್ನ ಡೇರೆಗೆ ಮರೆ ಹೊಕ್ಕವರನ್ನು ನೀನೇ ಕೊಂದ ಹಾಗೆ. ಮದುವೆಗೆ ಬಂದ ಇನ್ನೂರು ಜನರಲ್ಲಿ ಒಬ್ಬನೂ ಆ ಮಾಂಸ ಮುಟ್ಟುವುದಿಲ್ಲ.

ಒಂದು ಕಡೆ ನಿನ್ನ ಆಣೆಯನ್ನು ನಾನು ಒಪ್ಪುವುದಿಲ್ಲ, ಇನ್ನೊಂದು ಕಡೆ ನನ್ನ ಆಣೆ ನಿನ್ನ ಮೇಲೆ. ಇದು ನ್ಯಾಯ ಅಲ್ಲ ಅನ್ನುತ್ತೀಯ. ಇರಬಹುದು. ನನಗೆ ಇದರಲ್ಲಿ ನಂಬಿಕೆ ಇಲ್ಲ, ನಿನಗೆ ಇದೆ. ನನಗೆ ಬೇರೆ ದಾರಿ ನೀನು ಬಿಡಲಿಲ್ಲ.

ಇಝ್ಝಾ


ತಿಮಹ್ದಿತ್
೨೬ ಆಗಸ್ಟ್ ೨೦೧೮

ಇಝ್ಝಾ,

ಒಂಬತ್ತು ಬದುಕಿವೆ. ಇದಕ್ಕಿಂತ ಹೆಚ್ಚಿಗೆ ಬರೆಯಬಾರದು ಅಂದುಕೊಂಡಿದ್ದೆ, ಆದರೆ ಹೊಟ್ಟೆ ಉರಿಯುತ್ತಿದೆ.

ಹಬ್ಬಕ್ಕೆ ನಾನು ಸಂತೆಯಲ್ಲಿ ಟಗರು ಕೊಂಡು ತಂದೆ. ಕುರಿ ಕಾಯುವವನು ಹಬ್ಬಕ್ಕೆ ಕುರಿ ಕೊಂಡ. ವ್ಯಾಪಾರಿ ನನ್ನ ಮುಖ ನೋಡಿ, 'ಏನಪ್ಪಾ, ನಿನ್ನವು ರಜೆ ಮೇಲೆ ಹೋಗಿದಾವಾ?' ಅಂದ. ಪಕ್ಕದವನು 'ಇಲ್ಲ ಮಾರಾಯ, ಅವು ನೆಂಟರಾಗಿಬಿಟ್ಟಿವೆ' ಅಂದ. ಸಂತೆಯೆಲ್ಲ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ.

ನೀನು ಮಾಡಿದ್ದು ಏನು ಎಂದು ಹೇಳಲಾ? ಎತ್ತಿನ ಮೂಗಿಗೆ ದಾರ ಪೋಣಿಸುತ್ತೇವಲ್ಲ, ನೀನು ನನ್ನ ನಂಬಿಕೆಗೆ ಹಾಗೆ ದಾರ ಪೋಣಿಸಿ ಎಳೆದೆ. ನಿನಗೆ ಬೇಕಾದ ಕಡೆಗೆ ನಾನು ಬಂದೆ. ಪ್ರಾಣಿಗಳನ್ನು ಉಪಯೋಗಿಸಿಕೊಳ್ಳಬಾರದು ಎನ್ನುವವಳು ಅಣ್ಣನನ್ನು ಚೆನ್ನಾಗಿ ಉಪಯೋಗಿಸಿಕೊಂಡೆ.

ಸೆಪ್ಟೆಂಬರ್ ಎಂಟಕ್ಕೆ ಮದುವೆ. ಬರಬೇಡ.

ಮೀಮೂನ್


ತಿಮಹ್ದಿತ್
೧೨ ಸೆಪ್ಟೆಂಬರ್ ೨೦೧೮

ಇಝ್ಝಾ,

ನನ್ನ ಕಳೆದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಗೆದ್ದವರು ಯಾಕೆ ಬರೆಯುತ್ತಾರೆ.

ಮದುವೆ ಆಯಿತು. ತೂದಾ ನಿನ್ನ ಬೆಳ್ಳಿ ಸರ ಹಾಕಿಕೊಂಡಿದ್ದಳು. ಯಾರು ಕಳಿಸಿದ್ದು ಎಂದು ಕೇಳಿದವರಿಗೆಲ್ಲ ಹೇಳಿದಳು, ನಾನು ತಡೆಯಲಿಲ್ಲ.

ಈಗ ಊಟದ ವಿಷಯ. ನಿನಗೆ ತಿಳಿಯಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಇನ್ನೂರು ಜನಕ್ಕೆ ತರಕಾರಿ ಹಾಕಿ ಕಳಿಸುವವನು ನಾನಲ್ಲ. ಸಾಲ ಮಾಡಿ ಬೇರೆ ಕುರಿ ತರುವವನೂ ಅಲ್ಲ. ನನ್ನ ಇಪ್ಪತ್ತರಲ್ಲಿ ಒಂಬತ್ತನ್ನು ಹಗ್ಗ ಹಾಕಿ ಎಳೆದು ತಂದೆ. ನಿನ್ನ ಒಂಬತ್ತಕ್ಕೆ ನನ್ನ ಒಂಬತ್ತು, ಸರಿಹೋಗಲಿ ಎಂದು ಬೇಕೆಂದೇ ಅಷ್ಟು ಆರಿಸಿದೆ. ಎಲ್ಲ ಗಬ್ಬದ ಕುರಿಗಳು. ಗಬ್ಬದ್ದನ್ನು ಕೊಯ್ಯುವುದು ನಿಷಿದ್ಧ ಅಲ್ಲ, ಆದರೆ ಯಾರೂ ಕೊಯ್ಯುವುದಿಲ್ಲ. ಹಿರಿಯರು 'ಬೇಡ ಮೀಮೂನ್, ಕೋಳಿ ಸಾಕು' ಅಂದರು. ನಾನು ಕೇಳಲಿಲ್ಲ.

ಎಂಟು ಕೊಯ್ದೆ. ಪ್ರತಿಯೊಂದರ ಹೊಟ್ಟೆಯಲ್ಲೂ ಮರಿ ಇತ್ತು, ಒಂದರಲ್ಲಿ ಎರಡು. ಅಂಗೈಯಷ್ಟು ಇದ್ದವು. ಗೊರಸು ಮೂಡಿತ್ತು, ಬಿಳೀ ಮೇಣದ ಹಾಗೆ. ನಾಯಿಗಳಿಗೆ ಸಿಗಬಾರದು ಎಂದು ಅತ್ತೆ ಅವನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಬೇಲಿಯ ಆಚೆ ಹೂತಳು. ಜನ ಚೆನ್ನಾಗಿ ಉಂಡರು, ಹೊಗಳಿದರು. ಡಿಸೆಂಬರ್‌ನಲ್ಲಿ ಮರಿ ಹಾಕಬೇಕಾದ ಕುರಿಗಳು ಅವು. ನನ್ನ ಮುಂದಿನ ವರ್ಷವನ್ನೇ ಬಡಿಸಿದ್ದೇನೆ.

ನೀನು ಒಂಬತ್ತನ್ನು ಉಳಿಸಿದೆ. ಅದಕ್ಕೆ ಎಂಟು ತಾಯಿ, ಒಂಬತ್ತು ಮರಿ ಹೋದವು. ಈಗ ಹೇಳು, ನಿನ್ನ ಕಂಬ ಯಾರನ್ನು ಕಾಯಿತು?

ಒಂಬತ್ತನೆಯ ಕುರಿಯನ್ನು ಕೊಯ್ಯಲಿಲ್ಲ. ಅಷ್ಟೊತ್ತಿಗೆ ಮಾಂಸ ಸಾಕಾಗಿತ್ತು. ಚಾಕು ಮೊಂಡಾಗಿತ್ತು. ಯಾಕೆ ಬಿಟ್ಟೆ ಎಂದು ಕೇಳಿ ಕಾಗದ ಬರೆಯಬೇಡ.

ಮೀಮೂನ್


ಟ್ಯಾಂಜಿಯರ್
೨೩ ಸೆಪ್ಟೆಂಬರ್ ೨೦೧೮

ಅಣ್ಣಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ.

ಎಂಟು ತಾಯಿ, ಒಂಬತ್ತು ಮರಿ. ಕೊಯ್ದದ್ದು ನೀನು, ಆದರೆ ನಾನು ಕಂಬ ಹಿಡಿದಾಗ ನೀನು ಏನು ಮಾಡಬಲ್ಲೆ ಎಂದು ಯೋಚಿಸದೇ ಹೋದದ್ದು ನಾನು. ನಾನು ಹುಟ್ಟಿದಾಗಿನಿಂದ ನಿನ್ನನ್ನು ಬಲ್ಲೆ, ಯೋಚಿಸಬೇಕಿತ್ತು. ಆ ಭಾರದಲ್ಲಿ ನನ್ನ ಪಾಲೂ ಇದೆ, ಹೊರುತ್ತೇನೆ. ಮೂಗುದಾರದ ಮಾತೂ ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಆದ್ದರಿಂದಲೇ ಬರೆಯಲಿಲ್ಲ. ಗೆದ್ದ ಸೊಕ್ಕಿಗಲ್ಲ.

ಆದರೆ ಆ ಎಂಟನ್ನು ತೋರಿಸಿ ನನ್ನ ಒಂಬತ್ತನ್ನು ಕೇಳಬೇಡ. ಅವುಗಳ ಹೆಣದ ಮೇಲೆ ನಿಂತು ನೋಡು, ನಿನ್ನಿಂದಲೇ ಆಯಿತು, ಇನ್ನಾದರೂ ಸುಮ್ಮನಿರು ಎನ್ನಬೇಡ. ನಾನು ಸುಮ್ಮನಿರುವುದಿಲ್ಲ. ನಾಳೆಯೂ ಆ ಕಂಬ ಹಿಡಿಯಬೇಕಾಗಿ ಬಂದರೆ ಹಿಡಿಯುತ್ತೇನೆ. ಆದರೆ ಈ ಸಲ ಹಿಡಿದು ಟ್ಯಾಂಜಿಯರಿಗೆ ಓಡಿಬರುವುದಿಲ್ಲ, ಅಲ್ಲೇ ನಿಲ್ಲುತ್ತೇನೆ.

ನಿನಗೊಂದು ವಿಷಯ ಮುಚ್ಚಿಟ್ಟಿದ್ದೆ. ಜೂನ್ ಕೊನೆಗೇ ಕೆಲಸ ಬಿಟ್ಟೆ. ನಿನ್ನ ಮೊದಲ ಕಾಗದ ಬಂದಾಗ ನನ್ನ ಬಿಳಿ ಕೋಟು ಆಗಲೇ ಕಸದ ಬುಟ್ಟಿಯಲ್ಲಿತ್ತು. ಹೇಳಿದ್ದರೆ ನೀನು ದಿಕ್ಕಿಲ್ಲದೆ ಕುರಿ ಕೇಳುತ್ತಿದ್ದಾಳೆ ಎನ್ನುತ್ತಿದ್ದೆ, ಅದಕ್ಕೆ ಹೇಳಲಿಲ್ಲ. ಮನೆ ಖಾಲಿ ಮಾಡಿದ್ದೇನೆ. ಗುರುವಾರದ ಟ್ಯಾಕ್ಸಿಗೆ ಬರುತ್ತೇನೆ. ಅಪ್ಪನ ಹಳೇ ಕೋಣೆಯಲ್ಲಿ ಇರುತ್ತೇನೆ, ಅದರಲ್ಲೂ ನನಗೆ ಪಾಲಿದೆ. ನನ್ನವುಗಳನ್ನು ನಾನೇ ಮೇಯಿಸುತ್ತೇನೆ. ಊರಿನವರ ಕತ್ತೆ, ಹಸು, ಕುರಿಗಳಿಗೆ ಕಾಯಿಲೆಯಾದರೆ ಮದ್ದು ಮಾಡುತ್ತೇನೆ, ಅವರು ಕೊಡುವ ಬಾರ್ಲಿ, ಬೇಳೆ ನನಗೆ ಸಾಕು. ಚಳಿಗಾಲದ ಕುರಿಗಳನ್ನು ನಾನು ನೋಡಿಲ್ಲ ಎಂದೆಯಲ್ಲ, ನೋಡುತ್ತೇನೆ. ನೀನು ನನ್ನ ಜೊತೆ ಮಾತಾಡಬೇಕಾಗಿಲ್ಲ. ಹುಲ್ಲುಗಾವಲು ದೊಡ್ಡದಿದೆ, ನೀನು ಆ ಕಡೆ ಹೋದರೆ ನಾನು ಈ ಕಡೆ ಹೋಗುತ್ತೇನೆ.

ಒಂಬತ್ತನೆಯದನ್ನು ಯಾಕೆ ಕೊಯ್ಯಲಿಲ್ಲ ಎಂದು ಕೇಳಬೇಡ ಅಂದೆ. ಕೇಳುವುದಿಲ್ಲ. ನನ್ನದೊಂದನ್ನು ನನ್ನ ಹೊಸ್ತಿಲ ಮೇಲೆ ಕೊಂದು ಹೋದೆಯಲ್ಲ, ಅದಕ್ಕೆ ಬದಲಾಗಿ ಆ ಕುರಿಯನ್ನು ನನಗೆ ಕೊಡು. ಹೊಟ್ಟೆಯಲ್ಲಿರುವುದನ್ನೂ ಸೇರಿಸಿ.

ಇಝ್ಝಾ